ಅತ್ತೆಯ ಹಿಡಿ

ಪ್ರಶ್ನೆ: ಮಳೆಗಾಲ ಬಂತೆಂದರೆ ನಮ್ಮ ಅತ್ತೆ ಹಿತ್ತಲಿನ ಆಡುಸೋಗೆ ಕಿತ್ತು ಕೆಮ್ಮಿಗೆ ಕಷಾಯ ಕಾಸುತ್ತಿದ್ದರು. ‘ಒಂದು ಹಿಡಿ ಹಾಕು, ಬತ್ತಿಸು’ ಅನ್ನುವುದಷ್ಟೇ ಅವರ ಲೆಕ್ಕ. ಅವರು ತೀರಿಕೊಂಡು ಎರಡು ವರ್ಷವಾಯಿತು. ನಾನು ಮಾಡಿದರೆ ಒಮ್ಮೆ ಕಹಿ ವಿಷ, ಇನ್ನೊಮ್ಮೆ ಬರೀ ನೀರು. ಸರಿಯಾದ ಅಳತೆ ಯಾವುದು? ಒಮ್ಮೆಲೇ ಮಾಡಿ ಫ್ರಿಜ್ಜಿನಲ್ಲಿ ಇಡಬಹುದೇ? ಎಂಟು ತಿಂಗಳ ಮೊಮ್ಮಗಳಿಗೆ ಜೇನುತುಪ್ಪ ಬೆರೆಸಿ ಕೊಡಬಹುದೇ?
– ಓದುಗರೊಬ್ಬರು, ಬಾಗಳಿ

ಉತ್ತರ: ಮನೆಮದ್ದಿನ ಬಗ್ಗೆ ಬರುವ ಪತ್ರಗಳಲ್ಲಿ ‘ಯಾವ ಸೊಪ್ಪು’ ಎಂದು ಕೇಳುವವರೇ ಹೆಚ್ಚು. ‘ಎಷ್ಟು’ ಎಂದು ಕೇಳಿದವರು ನೀವು. ನಿಮ್ಮ ಅತ್ತೆಯ ವಿದ್ಯೆಯೆಲ್ಲ ಇದ್ದದ್ದು ಆ ‘ಎಷ್ಟು’ವಿನಲ್ಲೇ. ಸೊಪ್ಪಿನ ಹೆಸರು ಊರಿಗೆಲ್ಲ ಗೊತ್ತು.

ಮೊದಲು ಆಡುಸೋಗೆಯ ಮಾತು. ಆಡು ಮುಟ್ಟದ ಸೊಪ್ಪಿಲ್ಲ ಅನ್ನುತ್ತೇವೆ. ಆದರೆ ನಿಮ್ಮ ಕಡೆ ಬೇಲಿಗೆ ಆಡುಸೋಗೆ ನೆಡುವುದೇ ಅದನ್ನು ಆಡು ಮುಟ್ಟುವುದಿಲ್ಲವೆಂದು. ಸಸ್ಯಶಾಸ್ತ್ರಜ್ಞರು ಈ ಗಿಡಕ್ಕೆ ಇಟ್ಟ ‘ಅಧಟೋಡ’ ಎಂಬ ಹೆಸರೂ ತಮಿಳಿನ ‘ಆಡು ತೊಡಾ’, ಅಂದರೆ ಆಡು ಮುಟ್ಟದ್ದು, ಎಂಬುದರಿಂದಲೇ ಬಂದದ್ದು. ಆ ಕಹಿಯಲ್ಲಿರುವುದು ವ್ಯಾಸಿಸಿನ್ ಎಂಬ ವಸ್ತು. ಔಷಧದ ಅಂಗಡಿಯ ಕೆಮ್ಮಿನ ಸಿರಪ್ಪಿನ ಮೇಲೆ ಬ್ರೋಮ್‌ಹೆಕ್ಸಿನ್, ಆಂಬ್ರಾಕ್ಸಾಲ್ ಎಂದು ಬರೆದಿರುತ್ತದಲ್ಲ, ಅವೆರಡೂ ಈ ವ್ಯಾಸಿಸಿನ್ನಿನ ಜಾಡು ಹಿಡಿದು ಹೋದಾಗ ಹುಟ್ಟಿದವು. ಗಟ್ಟಿ ಕಫವನ್ನು ತೆಳುಮಾಡಿ ಹೊರಹಾಕಿಸುವುದು ಅವುಗಳ ಕೆಲಸ. ಆದ್ದರಿಂದ ಸಿರಪ್ಪನ್ನೂ ಕುಡಿದು, ಮೇಲೆ ಕಷಾಯವನ್ನೂ ಕುಡಿದರೆ ಒಂದೇ ಹೊಲಕ್ಕೆ ಎರಡು ಜೋಡಿ ಎತ್ತು ಕಟ್ಟಿದಂತೆ. ಒಂದನ್ನು ಬಿಡಿ. ಬಸುರಿಯರಿಗಂತೂ ಆಡುಸೋಗೆ ಬೇಡವೇ ಬೇಡ. ವ್ಯಾಸಿಸಿನ್ ಗರ್ಭಕೋಶವನ್ನು ಕುಗ್ಗಿಸುತ್ತದೆ.

ಈಗ ಅಳತೆ. ಆಯುರ್ವೇದದ ಹಳೆಯ ಲೆಕ್ಕ ಬಲು ಸರಳ. ಮೆತ್ತಗಿನ ದ್ರವ್ಯಕ್ಕೆ ಅದರ ತೂಕದ ನಾಲ್ಕುಪಟ್ಟು ನೀರು, ಮಧ್ಯಮಕ್ಕೆ ಎಂಟುಪಟ್ಟು, ಒಣಗಿದ ಬೇರು-ತೊಗಟೆಯಂಥ ಗಟ್ಟಿಯದಕ್ಕೆ ಹದಿನಾರುಪಟ್ಟು. ಪಾತ್ರೆಗೆ ಮುಚ್ಚಳ ಹಾಕದೆ, ಸಣ್ಣ ಉರಿಯಲ್ಲಿ ಕಾಲುಭಾಗಕ್ಕೆ ಇಳಿಸಬೇಕು. ಬಲಿತ ಆಡುಸೋಗೆ ಎಲೆ 10 ಗ್ರಾಂ ಆದರೆ ನೀರು ಸುಮಾರು 80 ಮಿಲಿಲೀಟರ್, ಉಳಿಯಬೇಕಾದದ್ದು 20. ದೊಡ್ಡವರಿಗೆ ಒಂದು ಹೊತ್ತಿಗೆ ಅಷ್ಟು ಸಾಕು. ದಿನಕ್ಕೆ ಎರಡು ಹೊತ್ತು, ಮೂರು ದಿನ. ಆಮೇಲೂ ಕೆಮ್ಮು ಜಗ್ಗದಿದ್ದರೆ ವೈದ್ಯರಿಗೆ ತೋರಿಸಿ. ಕಫದಲ್ಲಿ ರಕ್ತ ಕಂಡರೆ, ಅಥವಾ ಕೆಮ್ಮು ಎರಡು ವಾರ ದಾಟಿದರೆ ಕಷಾಯದ ಪಾತ್ರೆ ತೊಳೆದಿಟ್ಟು, ಕ್ಷಯವಿದೆಯೇ ಎಂದು ಕಫದ ಪರೀಕ್ಷೆ ಮಾಡಿಸಬೇಕು. ಕ್ಷಯಕ್ಕೆ ಸರ್ಕಾರಿ ಆಸ್ಪತ್ರೆಯಲ್ಲಿ ಪರೀಕ್ಷೆಯೂ ಮಾತ್ರೆಯೂ ಉಚಿತ.

‘ಗ್ರಾಂ ಎಲ್ಲಿಂದ ತರಲಿ, ನಮ್ಮತ್ತೆ ತಕ್ಕಡಿ ಮುಟ್ಟಿದವರಲ್ಲ’ ಅನ್ನುತ್ತೀರಿ. ಕೈಯಳತೆ ಕೀಳಲ್ಲ, ತಾಯಿ. ಬಾಂಗ್ಲಾದೇಶದಲ್ಲಿ ಬ್ರ್ಯಾಕ್ ಎಂಬ ಸಂಸ್ಥೆ 1980ರಿಂದ ಹತ್ತು ವರ್ಷ ಮನೆಮನೆಗೆ ಹೆಣ್ಣುಮಕ್ಕಳನ್ನು ಕಳಿಸಿ, ವಾಂತಿಭೇದಿಗೆ ಮನೆಯಲ್ಲೇ ನೀರು ಕಲಸುವುದನ್ನು ಕಲಿಸಿತು. ಮೂರು ಬೆರಳಿನ ಒಂದು ಚಿಟಿಕೆ ಉಪ್ಪು, ಒಂದು ಹಿಡಿ ಬೆಲ್ಲ, ಅರ್ಧ ಸೇರು ನೀರು. ಅಷ್ಟಕ್ಕೇ ಬಿಡಲಿಲ್ಲ. ತಾಯಂದಿರು ಕಲಸಿದ ನೀರಿನ ಮಾದರಿಯನ್ನು ಪ್ರಯೋಗಾಲಯದಲ್ಲಿ ಅಳೆದು ನೋಡಿತು. ಎಷ್ಟು ಮನೆಯವರು ಸರಿಯಾಗಿ ಕಲಿತರೋ ಕಲಿಸಿದವಳಿಗೆ ಅಷ್ಟು ಕೂಲಿ. ಹಿಡಿ, ಚಿಟಿಕೆಗಳನ್ನು ಒಮ್ಮೆ ತೂಗಿ ನೋಡಿಕೊಂಡರೆ ಅವೂ ತಕ್ಕಡಿಯೇ. ನಿಮ್ಮ ಅತ್ತೆಯೂ ನಲವತ್ತು ಮಳೆಗಾಲ ಮನೆಮಂದಿಯ ಮುಖ ನೋಡಿ ತಮ್ಮ ಹಿಡಿಯನ್ನು ತಿದ್ದಿಕೊಂಡಿದ್ದರು. ನಿಮ್ಮ ಹಿಡಿ ಇನ್ನೂ ತಿದ್ದಿಲ್ಲ, ಅಷ್ಟೇ. ಕಿರಾಣಿ ಅಂಗಡಿಯ ತಕ್ಕಡಿಯಲ್ಲಿ ಒಮ್ಮೆ ತೂಗಿ, ಹತ್ತು ಗ್ರಾಮಿಗೆ ನಿಮ್ಮ ಗಿಡದ ಎಲೆ ಎಷ್ಟು ಬೇಕು ಎಣಿಸಿಟ್ಟುಕೊಳ್ಳಿ. (ಭೇದಿಯ ನೀರಿಗೆ ಈಗ ಹೇಳುವ ಅಳತೆ: ಒಂದು ಲೀಟರ್ ಶುದ್ಧ ನೀರಿಗೆ ಆರು ಸಮಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಸಣ್ಣ ಟೀ ಚಮಚ. ಉಪ್ಪು ಹೆಚ್ಚಾದರೆ ಮಗುವಿಗೆ ಅಪಾಯ. ಇದಕ್ಕಿಂತ ಹೆಚ್ಚು ಜೀವ ಉಳಿಸಿದ ಮನೆಮದ್ದು ನನಗೆ ಗೊತ್ತಿಲ್ಲ. ಇದರಲ್ಲಿ ಒಂದು ಎಲೆಯೂ ಇಲ್ಲ!)

ಫ್ರಿಜ್ಜಿನ ಮಾತು. ಕಷಾಯದ ಆಯುಷ್ಯ ಒಂದೇ ದಿನ. ಎಲೆ ಜಜ್ಜಿ ಹಿಂಡಿದ ರಸದ್ದು ಅದಕ್ಕೂ ಕಡಿಮೆ, ಹಿಂಡಿದ ಕೂಡಲೇ ಕುಡಿಯಬೇಕು. ಕೂಡಿಡುವ ಆಸೆಯಿದ್ದರೆ ಪುಡಿ ಮಾಡಿಡಿ: ಕೊತ್ತಂಬರಿ ಬೀಜ, ಅದರ ಅರ್ಧ ಜೀರಿಗೆ, ಸ್ವಲ್ಪ ಒಣಶುಂಠಿ, ನಾಲ್ಕಾರು ಕಾಳು ಮೆಣಸು, ಬೆಚ್ಚಗೆ ಹುರಿದು ತರಿತರಿ ಕುಟ್ಟಿದ್ದು. ಗಾಳಿಯಾಡದ ಡಬ್ಬಿಯಲ್ಲಿ ಎರಡು ಮೂರು ತಿಂಗಳು ಕೆಡುವುದಿಲ್ಲ. ಮೆಣಸಿನಲ್ಲಿ ಕೈ ಬಿಗಿಯಿರಲಿ. ಒಮ್ಮೆ ಉತ್ಸಾಹದಲ್ಲಿ ವಾರಗಟ್ಟಲೆ ಖಾರದ ಕಷಾಯ ಕುಡಿದು, ನೆಗಡಿ ಹೋಗಿ ಎದೆಯುರಿ ಹಿಡಿದದ್ದು ಈ ಬರೆಯುವವನ ಅನುಭವ.

ನೀವು ಕೇಳದ ಒಂದು ಮಾತನ್ನೂ ಹೇಳಬೇಕು: ಗಿಡ ಅದೇ ಹೌದೇ? ಆಡುಮುಟ್ಟದ ಬಳ್ಳಿ ಎಂದು ಬೇರೊಂದಿದೆ, ಅದರ ಎಲೆ ಹೆಚ್ಚು ತಿಂದರೆ ವಾಂತಿ. ಹೆಸರು ಹತ್ತಿರ, ಗುಣ ದೂರ. ಗಿಡ ಅದೇ ಆದರೂ ಅದು ಮದ್ದೇ ಆಗಿರಬೇಕೆಂದಿಲ್ಲ. ಈಶ್ವರಿ ಬಳ್ಳಿಯನ್ನು ಹಾವಿನ ವಿಷಕ್ಕೆಂದು, ಹೊಟ್ಟೆನೋವಿಗೆಂದು ತೇಯ್ದು ಕುಡಿಸುವವರು ನಮ್ಮಲ್ಲಿ ಇಂದಿಗೂ ಇದ್ದಾರೆ. ಅದರಲ್ಲಿರುವ ಅರಿಸ್ಟೊಲೋಕಿಕ್ ಆಮ್ಲ ಮೂತ್ರಪಿಂಡವನ್ನು ಸದ್ದಿಲ್ಲದೆ ಕೊಲ್ಲುತ್ತದೆ, ಕ್ಯಾನ್ಸರನ್ನೂ ತರುತ್ತದೆ. 1990ರ ದಶಕದಲ್ಲಿ ಬೆಲ್ಜಿಯಮ್‌ನಲ್ಲಿ ಮೈ ಇಳಿಸುವ ಮಾತ್ರೆಗೆ ಇದೇ ಕುಲದ ಚೀನೀ ಬೇರು ತಪ್ಪಿ ಬೆರೆತು ಎಷ್ಟೋ ಹೆಂಗಸರು ಮೂತ್ರಪಿಂಡ ಕಳೆದುಕೊಂಡರು. ಹಾವು ಕಚ್ಚಿದರೆ ಬಳ್ಳಿ ಹುಡುಕುತ್ತ ಕೂರಬಾರದು, ನೇರ ಆಸ್ಪತ್ರೆಗೆ.

ಇಷ್ಟು ಹೇಳಿದ್ದಕ್ಕೆ ನಾಡಮದ್ದಿನ ವಿರೋಧಿಯೆಂದು ತಿಳಿಯಬೇಡಿ. ನಿಮ್ಮೂರಿನ ಕಲ್ಲೇಶ್ವರ ಗುಡಿ ರಾಷ್ಟ್ರಕೂಟರ ಕಡೆಯ ಕಾಲದಲ್ಲಿ ಎದ್ದು, ಚಾಲುಕ್ಯ ತೈಲಪನ ಕಾಲದಲ್ಲಿ ಬೆಳೆದದ್ದು. ಅದಾಗಿ ಅರ್ಧ ಶತಮಾನವೂ ಆಗದೆ, 1025ರ ಸುಮಾರಿಗೆ, ಅದೇ ಚಾಲುಕ್ಯರ ಆಶ್ರಯದಲ್ಲಿ ಇಮ್ಮಡಿ ಚಾವುಂಡರಾಯ ಕನ್ನಡದಲ್ಲಿ ‘ಲೋಕೋಪಕಾರ’ ಬರೆದ. ಬಾವಿಗೆ ಜಲ ನೋಡುವುದು, ಮರಕ್ಕೆ ರೋಗ ಬಂದರೆ ಏನು ಮಾಡುವುದು, ಅಡುಗೆ, ಮದ್ದು, ವಿಷಚಿಕಿತ್ಸೆ ಎಲ್ಲ ಒಂದೇ ಪುಸ್ತಕದಲ್ಲಿ. ಮದ್ದು ಅಡುಗೆಮನೆಯ ಪಕ್ಕದಲ್ಲೇ ಇರಬೇಕಾದ ವಿದ್ಯೆ ಎಂದು ಅವನಿಗೆ ಗೊತ್ತಿತ್ತು. ಅದನ್ನು ಬರೆದಿಡಬೇಕು ಎಂಬುದೂ ಗೊತ್ತಿತ್ತು. ನೀವೂ ಬರೆದಿಡಿ. ಡಬ್ಬಿಯ ಮೇಲೆ ಗಿಡದ ಹೆಸರು, ತೂಕ, ತಾರೀಖು. ನಿಮ್ಮ ಸೊಸೆ ಇನ್ನೊಂದು ಪತ್ರ ಬರೆಯುವುದು ತಪ್ಪುತ್ತದೆ.

ಕೊನೆಗೆ ಮೊಮ್ಮಗಳು. ಜೇನುತುಪ್ಪ ಬೇಡ, ವರ್ಷ ತುಂಬುವವರೆಗೆ ನೆಕ್ಕಿಸಲೂ ಬೇಡ. ಜೇನಿನಲ್ಲಿ ಕೆಲವೊಮ್ಮೆ ಇರುವ ಒಂದು ಸೂಕ್ಷ್ಮಾಣುವಿನ ಬೀಜ ಎಳೆಗರುಳಿನಲ್ಲಿ ಮೊಳೆತು ಮಗುವಿನ ಸ್ನಾಯುಗಳನ್ನೇ ಸೋಲಿಸುವ ವಿಷ ಮಾಡುತ್ತದೆ. ಕಾಸಿದರೂ ಅದು ಸಾಯುವುದಿಲ್ಲ. ಆಡುಸೋಗೆಯೂ ಬೇಡ, ಕಲ್ಲಿನ ಮೇಲೆ ತೇಯ್ದ ಬಜೆಯೂ ಬೇಡ. ನೆಗಡಿಯಾದ ಕೂಸಿಗೆ ಎದೆಹಾಲು, ಬೆಚ್ಚಗಿನ ಬಟ್ಟೆ, ಹೊಗೆಯಿಲ್ಲದ ಕೋಣೆ ಸಾಕು. ಮಲಗಿದ್ದಾಗ ಅಂಗಿ ಎತ್ತಿ, ಗಡಿಯಾರ ನೋಡುತ್ತ ಒಂದು ನಿಮಿಷ ಪೂರ್ತಿ ಉಸಿರು ಎಣಿಸಿ. ಎಣಿಕೆ 50 ಮುಟ್ಟಿದರೆ, ಉಸಿರೆಳೆದಾಗ ಪಕ್ಕೆ ಒಳಗೆ ಸೇದಿದರೆ, ಅಥವಾ ಹಾಲು ಕುಡಿಯದಿದ್ದರೆ ಒಲೆ ಆರಿಸಿ ಹರಪನಹಳ್ಳಿ ಆಸ್ಪತ್ರೆಯ ದಾರಿ ಹಿಡಿಯಿರಿ.