ರಿಸೀವರ್ ಕೊಳ್ಳುವ ಮುನ್ನ ಒಂದಿಷ್ಟು ಬಾಸ್ ಲೆಕ್ಕ

ಹೋಮ್ ಥಿಯೇಟರ್ ರಿಸೀವರ್ ಕೊಳ್ಳೋಕೆ ಅಂಗಡಿಗೆ ಹೋದರೆ ನಾವೆಲ್ಲ ಮೊದಲು ಕೇಳೋದು, "ಎಷ್ಟು ವ್ಯಾಟ್? ಎಷ್ಟು ಚಾನೆಲ್?" ಆದರೆ ನಮ್ಮ ಅಲ್ಲಾಳಸಂದ್ರದ ಕಡೆಯ ಬಾಡಿಗೆ ಮನೆಯ ಸಣ್ಣ ಕೋಣೆಗೆ ವ್ಯಾಟ್ ಸಾಲದೆ ಹೋಗೋದು ಅಪರೂಪ. ಕೈಕೊಡೋದು ಬಾಸ್. ಹಾಗಾಗಿ ಕೇಳಬೇಕಾದ ಪ್ರಶ್ನೆಯೇ ಬೇರೆ: ಈ ರಿಸೀವರ್ ಬಾಸನ್ನು ಹೇಗೆ ನಿಭಾಯಿಸುತ್ತೆ?

ಬಾಸ್ ಮ್ಯಾನೇಜ್‌ಮೆಂಟ್ ಅಂದರೆ

5.1ರಲ್ಲಿನ ಆ ".1" ಎಲ್‌ಎಫ್‌ಇ ಚಾನೆಲ್, ಅದರಲ್ಲಿರೋದು ಸುಮಾರು 120 ಹರ್ಟ್ಜ್‌ವರೆಗಿನ ಸದ್ದು ಮಾತ್ರ. ಆದರೆ ಉಳಿದ ಐದು ಚಾನೆಲ್‌ಗಳಲ್ಲೂ ಬಾಸ್ ಇರುತ್ತೆ. ಡೊಳ್ಳಿನ ಏಟು ಎಡ ಸ್ಪೀಕರಿಗೆ ಬಂತು ಅನ್ನಿ. ಸದ್ದು ಅಷ್ಟೇ ಜೋರಾಗಿರಬೇಕಾದರೆ, ಆವರ್ತನ ಅರ್ಧವಾದಾಗ ಕೋನ್ ನಾಲ್ಕು ಪಟ್ಟು ಚಲಿಸಬೇಕು. 80 ಹರ್ಟ್ಜ್‌ಗೆ 1 ಮಿ.ಮೀ. ಸಾಕಾದರೆ 40ಕ್ಕೆ 4 ಮಿ.ಮೀ. ಐದು ಇಂಚಿನ ಕೋನಿಗೆ ಇದು ಕಷ್ಟ. ರಿಸೀವರ್ ಈ ಕೆಳಭಾಗವನ್ನು ಬೇರ್ಪಡಿಸಿ ಸಬ್‌ವೂಫರಿಗೆ ಕಳಿಸುತ್ತೆ. ಬೇರ್ಪಡಿಸುವ ಗಡಿಯೇ ಕ್ರಾಸ್‌ಓವರ್, ಸಾಮಾನ್ಯವಾಗಿ 80 ಹರ್ಟ್ಜ್. ಅದಕ್ಕಿಂತ ಕೆಳಗಿನ ಸದ್ದು ಯಾವ ದಿಕ್ಕಿಂದ ಬಂತು ಅಂತ ಕಿವಿಗೆ ಸುಲಭವಾಗಿ ಗೊತ್ತಾಗಲ್ಲ.

ಕೋಣೆಯ ಆಟ

ಕೋಣೆ 10 × 12 ಅಡಿ, ಎತ್ತರ 10 ಅಡಿ ಎಂದುಕೊಳ್ಳೋಣ. ಎದುರುಬದುರು ಗೋಡೆಗಳ ನಡುವಿನ ಮೊದಲ ಅನುರಣನ = ಶಬ್ದದ ವೇಗ ÷ (2 × ಉದ್ದ). 12 ಅಡಿಗೆ ಸುಮಾರು 47 ಹರ್ಟ್ಜ್, 10 ಅಡಿಗೆ 56. ಅಗಲವೂ ಎತ್ತರವೂ ಒಂದೇ ಆದ್ದರಿಂದ 56ರಲ್ಲಿ ಎರಡು ಅನುರಣನ ಒಟ್ಟಿಗೆ ಸೇರುತ್ತವೆ. ಗೋಡೆ ಹತ್ತಿರ ಕೂತರೆ ಗುಂಯ್ ಅನ್ನುತ್ತೆ, ನಟ್ಟನಡುವೆ ಕೂತರೆ ಅದೇ ಸ್ವರ ಮಾಯ. ವಾಲ್ಯೂಮ್ ತಿರುಗಿಸಿದರೆ ಇದು ಸರಿಹೋಗಲ್ಲ.

ಕೊಳ್ಳುವಾಗ ನೋಡಬೇಕಾದ್ದು

1. ಮುಂದಿನ, ನಡುವಿನ, ಹಿಂದಿನ ಸ್ಪೀಕರುಗಳಿಗೆ ಬೇರೆ ಬೇರೆ ಕ್ರಾಸ್‌ಓವರ್ ಇಡಬಹುದೇ?

2. ರೂಮ್ ಕರೆಕ್ಷನ್ ಸಬ್‌ವೂಫರನ್ನೂ ತಿದ್ದುತ್ತದೆಯೇ? ಡೆನಾನ್, ಮರಾಂಟ್ಜ್‌ಗಳಲ್ಲಿ ಆಡಿಸ್ಸಿ, ಯಮಾಹಾದಲ್ಲಿ ವೈಪಿಎಒ ಇರುತ್ತೆ. ಹೆಸರು ನೋಡಿ ನಂಬಬೇಡಿ; ಕೆಲವು ಅಗ್ಗದ ಆವೃತ್ತಿಗಳು ಸಬ್‌ವೂಫರನ್ನು ಮುಟ್ಟೋದೇ ಇಲ್ಲ. ಮ್ಯಾನ್ಯುಯಲ್ ಓದಿ.

3. ಎರಡು ಸಬ್‌ವೂಫರ್ ಔಟ್ ಇದ್ದರೆ, ಎರಡಕ್ಕೂ ದೂರ ಮತ್ತು ಮಟ್ಟ ಪ್ರತ್ಯೇಕವಾಗಿ ಹೊಂದಿಸಬಹುದೇ? ಹಲವು ರಿಸೀವರುಗಳಲ್ಲಿ ಒಂದೇ ಸಿಗ್ನಲ್ ಎರಡು ತೂತಲ್ಲಿ ಬರುತ್ತೆ, ಅಷ್ಟೇ.

ತಂದ ಮೇಲೆ

ಆಟೋ ಸೆಟಪ್ ಸ್ಪೀಕರುಗಳನ್ನು "ಲಾರ್ಜ್" ಎಂದು ತೋರಿಸಿದರೂ "ಸ್ಮಾಲ್" ಮಾಡಿ, 80ರಿಂದ ಶುರು ಮಾಡಿ. ಕರೆಕ್ಷನ್ ಉಬ್ಬನ್ನು ತಗ್ಗಿಸಬಲ್ಲದು, ತಗ್ಗನ್ನು ತುಂಬಲಾರದು. ಅದಕ್ಕೆ ಜಾಗವೇ ಮದ್ದು. ಸಬ್‌ವೂಫರನ್ನು ನಾವು ಕೂರುವ ಕಡೆ ಇಟ್ಟು, ಬಾಸ್ ಇರುವ ಹಾಡು ಹಾಕಿ, ಗೋಡೆ ಪಕ್ಕದಲ್ಲಿ ತೆವಳುತ್ತಾ ಕೇಳಿ. ಎಲ್ಲಿ ಬಾಸ್ ಸಮವಾಗಿ ಕೇಳುತ್ತೋ ಅಲ್ಲೇ ಸಬ್‌ವೂಫರ್ ಇಡಬೇಕು. ರೂಮ್‌ಮೇಟ್ ನಕ್ಕರೆ ನಗಲಿ.

ಪಕ್ಕದ ಮನೆಯವರು

2000ದ ಶಬ್ದಮಾಲಿನ್ಯ ನಿಯಮದಂತೆ ವಸತಿ ಪ್ರದೇಶದಲ್ಲಿ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗಿನ ಮಿತಿ 45 ಡಿಬಿ(ಎ). ಆ "ಎ" ಅಳತೆ 50 ಹರ್ಟ್ಜ್ ಸದ್ದನ್ನು ಸುಮಾರು 30 ಡಿಬಿ ಕಡಿಮೆ ತೋರಿಸುತ್ತೆ. ಮೊಬೈಲ್ ಆ್ಯಪ್ ಸರಿ ಅಂದರೂ ಕೆಳಗಿನ ಮನೆಯ ಅಜ್ಜಿಗೆ ನಿದ್ದೆ ಇರಲ್ಲ. 56ರ ಉಬ್ಬನ್ನು ತಗ್ಗಿಸಿದರೆ ಅವರ ಕಡೆ ಹೋಗುವ ಗುಂಯ್‌ಗುಡುವಿಕೆಯೂ ಅಷ್ಟೇ ತಗ್ಗುತ್ತೆ. ಬಾಸ್ ಚೆನ್ನಾಗಿ ನಿಭಾಯಿಸುವ ರಿಸೀವರ್ ನಮ್ಮ ಕಿವಿಗಷ್ಟೇ ಅಲ್ಲ, ನೆರೆಮನೆಯ ನಿದ್ದೆಗೂ ಒಳ್ಳೆಯದು.