ರಾತ್ರಿಯೂ ಹಲ್ಲುಜ್ಜಿ, ವಸಡು ಕಾಪಾಡಿಕೊಳ್ಳಿ



ಸಂಜೆ ಡೇರಿಗೆ ಹಾಲು ಹಾಕಿ ಬಂದು ಕ್ಯಾನನ್ನು ತೊಳೆಯದೆ ಬಿಟ್ಟರೆ ಬೆಳಗಿನ ಹಾಲು ಬೇಗ ಕೆಡುತ್ತದೆ. ಬಾಯಿಯೂ ಹಾಗೆಯೇ. ಹಲ್ಲಿನ ಸಂದಿಯಲ್ಲಿ ಉಳಿದ ಆಹಾರದ ಸಕ್ಕರೆ ಅಂಶವನ್ನು ಸೂಕ್ಷ್ಮಾಣುಗಳು ಆಮ್ಲವಾಗಿಸುತ್ತವೆ; ಅದರಿಂದ ಹಲ್ಲು ಹುಳುಕಾಗುತ್ತದೆ. ನಿದ್ದೆಯಲ್ಲಿ ಜೊಲ್ಲು ಕಡಿಮೆಯಾಗುವುದರಿಂದ ರಾತ್ರಿ ಹಾನಿ ಹೆಚ್ಚು. ಆದ್ದರಿಂದ ಈ ಅಭ್ಯಾಸಗಳನ್ನು ರೂಢಿಸಿಕೊಳ್ಳಿ:

1. ಬೆಳಿಗ್ಗೆ ಮತ್ತು ಮಲಗುವ ಮುನ್ನ ಮೃದುವಾದ ಬ್ರಷ್, ಫ್ಲೋರೈಡ್ ಪೇಸ್ಟ್ ಬಳಸಿ 2 ನಿಮಿಷ ಉಜ್ಜಿರಿ. 3ರಿಂದ 6 ವರ್ಷದ ಮಕ್ಕಳಿಗೆ ಬಟಾಣಿ ಕಾಳಿನಷ್ಟು ಪೇಸ್ಟ್ ಸಾಕು.

2. ಇಟ್ಟಿಗೆ ಪುಡಿ, ಇದ್ದಿಲು, ಬೂದಿ ಬೇಡ, ಹಲ್ಲು ಸವೆಯುತ್ತದೆ.

3. ವಸಡಿನಲ್ಲಿ ರಕ್ತ ಬಂದರೆ ಉಜ್ಜುವುದನ್ನು ನಿಲ್ಲಿಸಬೇಡಿ, ದಂತವೈದ್ಯರಿಗೆ ತೋರಿಸಿ. ಕೆಚ್ಚಲು ಬಾವಿನಂತೆ ಇದನ್ನೂ ಆರಂಭದಲ್ಲೇ ಗುಣಪಡಿಸಬಹುದು. ಅಲಕ್ಷಿಸಿದರೆ ಗಟ್ಟಿ ಹಲ್ಲೂ ಅಲುಗಾಡುತ್ತದೆ.

4. ಕಡ್ಡಿಪುಡಿ, ಹೊಗೆಸೊಪ್ಪು, ಗುಟ್ಕಾ ಬಿಡಿ. ಇವು ಬಾಯಿ ಕ್ಯಾನ್ಸರ್ ತರುತ್ತವೆ. ಬಾಯಿಹುಣ್ಣು 2 ವಾರದಲ್ಲಿ ಮಾಯದಿದ್ದರೆ ತಡಮಾಡದೆ ಪರೀಕ್ಷಿಸಿಕೊಳ್ಳಿ.

5. ಹಾಲಿನ ಬಾಟಲಿಯನ್ನು ಬಾಯಲ್ಲಿಟ್ಟು ಮಗುವನ್ನು ಮಲಗಿಸಬೇಡಿ. ಒಳ್ಳೆಯ ಹಾಲೂ ರಾತ್ರಿಯಿಡೀ ಹಲ್ಲಿಗಂಟಿದ್ದರೆ ಹುಳುಕು ತರುತ್ತದೆ.

ಕ್ಯಾನ್ ತೊಳೆದು ಬೋರಲು ಹಾಕುವಷ್ಟೇ ಶ್ರದ್ಧೆಯಿಂದ ಇಂದು ರಾತ್ರಿಯಿಂದಲೇ ಮನೆಮಂದಿಯೆಲ್ಲ ಹಲ್ಲುಜ್ಜಿ ಮಲಗಿರಿ.