ಶೀಗಿ ಹುಣ್ಣಿವಿ ಬುತ್ತಿ

ದಸರಾ ಮುಗಿದ ಮೇಲೆ ಬರುವುದು ಶೀಗಿ ಹುಣ್ಣಿವಿ. ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆ ಹೊಲದಾಗ ಬೆಳಿ ನಿಂತಿರತೈತಿ. ಭೂಮಿತಾಯಿ ಬಸುರಿ ಅಂತಾರ ಹಿರಿಯರು. ಆಕೆಗೆ ಬಯಕೆಯ ಊಟ ಬೇಕಲ್ಲ! ಚರಗ ಚೆಲ್ಲಿ ನಾವೂ ಅಲ್ಲೇ ಉಣ್ಣತೀವಿ.

ನಾಲ್ಕು ಮಂದಿಯ ಮನೆಗೆ ಸಾಲ ಮಾಡಿ ಅಡುಗೆ ಬೇಡ. ಸಜ್ಜಿ ರೊಟ್ಟಿ, ಬದನಿಕಾಯಿ ಎಣ್ಣಿಗಾಯಿ, ಪುಂಡಿಪಲ್ಯ, ಶೇಂಗಾ ಹಿಂಡಿ, ಮೊಸರನ್ನ, ಕಡಬು ಸಾಕು. ಕಡಬಿಗೆ ಕಾಲು ಕಿಲೋ ಕಡಲಿಬೇಳಿ, ಅಷ್ಟೇ ಬೆಲ್ಲ. ಬೇಳಿ ಬಸಿದ ಕಟ್ಟು ಚೆಲ್ಲಬೇಡಿ, ಸಾರು ಆಗತೈತಿ.

ಶೇಂಗಾ ಮಾತ್ರ ಆರಿಸಿ ಹಾಕಬೇಕು. ಮಳಿಗೆ ತೊಯ್ದ ಕಾಯಿಗೆ ಬೂಷ್ಟು ಹಿಡಿಯತೈತಿ. ಅದರ ವಿಷ ಹುರಿದರೂ ಪೂರಾ ಹೋಗುವುದಿಲ್ಲ. ಲಿವರ್ ಕೆಡಿಸತೈತಿ. ಅಂಥ ಕಾಳು ಎಮ್ಮಿಗೂ ಹಾಕಬಾರದು, ಹಾಲಿನಾಗೂ ವಿಷ ಬರತೈತಿ. ಹೊಸ ಕಾಯಿ ಬಿಸಿಲಾಗ ಗಲಗಲ ಅನ್ನುವಂಗ ಒಣಗಿಸಿ ಚೀಲ ತುಂಬೋಣ.

ಬುತ್ತಿ ಕಟ್ಟಿದ್ದಾಯಿತು. ಚಕ್ಕಡಿ ಹೂಡ್ರಿ, ಹೊಲಕ್ಕ ಹೋಗೋಣ.